ಬಿಳುಪಿಗೆ ಸಮಯ, ಕಪ್ಪಿಗೆ ಕಾಗದ

ಎಪ್ಪತ್ತರ ದಶಕದ ಯಾವ ಮಳೆಗಾಲವಾದರೂ ಸರಿ. ಸಾಗರದ ಪೇಟೆಬೀದಿಯಲ್ಲಿ ಮಧ್ಯಾಹ್ನ ಮೂರಕ್ಕೇ ಅಂಗಡಿಗಳ ದೀಪ ಹೊತ್ತಿದೆ. ಹಂಚಿನಂಚಿನಿಂದ ಇಳಿದ ನೀರು ಚರಂಡಿ ತುಂಬಿ ರಸ್ತೆಗೆ ಬಂದಿದೆ. ಕಂಬಳಿಕೊಪ್ಪೆ ಹೊದ್ದವರು, ಗಾಳಿಗೆ ಕೊಡೆ ಮುರಿದುಕೊಂಡವರು ಬಸ್ಸು ಕಾಯುತ್ತ ಜಗಲಿಯಲ್ಲಿ ನಿಂತಿದ್ದಾರೆ. ಅವರ ಬೆನ್ನ ಹಿಂದಿನ ಫೋಟೋ ಸ್ಟುಡಿಯೋದಲ್ಲಿ ಗಿರಾಕಿಗಳಿಲ್ಲ. ಮೆಟ್ಟಿಲು, ಹೂಕುಂಡ, ದೂರದ ಸರೋವರ ಬರೆದ ಪರದೆ ತೇವಕ್ಕೆ ಅಲ್ಲಲ್ಲಿ ಉಬ್ಬಿದೆ. ಕನ್ನಡಿಯ ಕೆಳಗೆ ಬಾಚಣಿಗೆ, ಪೌಡರ್ ಡಬ್ಬಿ, ಯಾರು ಬಂದರೂ ತೊಡಿಸಬಹುದಾದ ಒಂದು ಕೋಟು. ಅಂಗಡಿ ಖಾಲಿ ಎಂದುಕೊಂಡರೆ ತಪ್ಪಾದೀತು. ಹಿಂಬದಿಯಲ್ಲಿ ಒಂದರ ಹಿಂದೊಂದು ಇಳಿಬಿಟ್ಟ ಎರಡು ಕಪ್ಪು ಬಟ್ಟೆ ಸರಿಸಿ ಒಳಗೆ ಹೋದರೆ ಕೆಲಸ ಭರದಿಂದ ಸಾಗಿದೆ. ಬೇಸಿಗೆಯ ಮದುವೆಗಳಲ್ಲಿ ತೆಗೆದ ಫಿಲ್ಮುಗಳ ದೊಡ್ಡ ಪ್ರಿಂಟ್‌ಗಳಿಗೆ ಬಿಡುವು ಸಿಗುವುದು ಮಳೆ ಹಿಡಿದ ಮೇಲೆಯೇ.

ಒಂದು ಕಾಲಕ್ಕೆ ಬಚ್ಚಲೋ ಉಗ್ರಾಣವೋ ಆಗಿದ್ದ ಇಕ್ಕಟ್ಟಾದ ಕೋಣೆ ಅದು. ಕಿಟಕಿಗೆ ತಗಡು ಹೊಡೆದು ಸಂದಿಗಳಿಗೆ ಕಪ್ಪು ಕಾಗದ ಮೆತ್ತಲಾಗಿದೆ. ಮೇಜಿನ ಒಂದು ಬದಿ ಒದ್ದೆ, ಇನ್ನೊಂದು ಬದಿ ಒಣ. ಒದ್ದೆ ಕೈ ಒಣಬದಿಗೆ ಬರಕೂಡದು ಎನ್ನುವುದು ಕೆಲಸಕ್ಕೆ ಸೇರಿದ ಹುಡುಗ ಕಲಿಯುವ ಮೊದಲ ಪಾಠ. ಒದ್ದೆಬದಿಯಲ್ಲಿ ಮೂರು ಟ್ರೇ: ಡೆವಲಪರ್, ಅಸಿಟಿಕ್ ಆಮ್ಲ ಬೆರೆಸಿದ ನೀರು, ಮೂಡಿದ ಚಿತ್ರವನ್ನು ನಿಲ್ಲಿಸುವ ಹೈಪೋ. ಹುಳಿಯೂ ಗಂಧಕವೂ ಬೆರೆತ ಅವುಗಳ ವಾಸನೆ ಅಂಗಿಗೆ ಹತ್ತಿದರೆ ಮನೆಯವರೆಗೂ ಬರುತ್ತದೆ. ಒಣಬದಿಯಲ್ಲಿ ಕಂಬಕ್ಕೆ ತಲೆ ಸಿಕ್ಕಿಸಿದ ಎನ್‌ಲಾರ್ಜರ್. ತಲೆಯೊಳಗೆ ಹಾಲುಬಿಳಿ ಬಲ್ಬು, ಅದರ ಕೆಳಗೆ ಕಂಡೆನ್ಸರ್ ಗಾಜು, ನೆಗೆಟಿವ್ ಕೂರಿಸುವ ಕ್ಯಾರಿಯರ್, ಹಿಗ್ಗಿ ಕುಗ್ಗುವ ಬೆಲ್ಲೋಸ್, ತುದಿಯಲ್ಲಿ ಲೆನ್ಸ್. ಎಲ್ಲದಕ್ಕೂ ಮೇಲಿನಿಂದ ಒಂದು ಕೆಂಪು ಬಲ್ಬಿನ ಬೆಳಕು.

ಆ ಕೆಂಪನ್ನೂ ಪರೀಕ್ಷಿಸದೆ ನಂಬುವಂತಿಲ್ಲ. ಬ್ರೋಮೈಡ್ ಕಾಗದಕ್ಕೆ ಕೆಂಪು ಬೆಳಕು ತಾಗುವುದಿಲ್ಲ ಎನ್ನುವುದು ನಿಜ. ಆದರೆ ಬಲ್ಬಿನ ಬಣ್ಣ ಮಾಸಿದ್ದರೆ, ದೀಪ ತೀರಾ ಹತ್ತಿರವಿದ್ದರೆ ಕಾಗದಕ್ಕೆ ಸಣ್ಣ ಮಂಕು ಕವಿಯುತ್ತದೆ. ಅದಕ್ಕೊಂದು ಹಳೆಯ ಉಪಾಯ ಉಂಟು. ಕಾಗದದ ಚೂರೊಂದನ್ನು ಹಲಗೆಯ ಮೇಲಿಟ್ಟು ಅದರ ಮೇಲೊಂದು ನಾಣ್ಯ ಇಡುವುದು. ಐದು ನಿಮಿಷ ಬಿಟ್ಟು ಡೆವಲಪರ್‌ಗೆ ಹಾಕುವುದು. ನಾಣ್ಯದ ಬಿಳಿ ಗುರುತು ಮೂಡಿದರೆ ದೀಪ ಕಳ್ಳ. ಮೂಡದಿದ್ದರೆ ಕೆಲಸ ಶುರು.

ಕೆಲಸ ಶುರುವಾಗುವುದು ಎನ್‌ಲಾರ್ಜರಿನ ಗುಂಡಿ ಒತ್ತುವುದರಿಂದಲ್ಲ, ನೆಗೆಟಿವ್ ಓದುವುದರಿಂದ. ಎಲ್ಲವೂ ತಿರುಗುಮುರುಗಾದ ಆ ಚೂರು ಫಿಲ್ಮಿನಲ್ಲಿ ಬಿಳಿ ಪಂಚೆ ಕಪ್ಪು, ಕರಿ ಕೂದಲು ಗಾಜಿನಂತೆ ತಿಳಿ. ಹೊಸಬರ ಕಣ್ಣು ಕಪ್ಪಿನ ಕಡೆಗೆ ಹೋಗುತ್ತದೆ, ಚಿತ್ರವೆಲ್ಲ ಅಲ್ಲೇ ಇದ್ದಂತೆ ತೋರುತ್ತದೆ. ಪಳಗಿದವರು ಮೊದಲು ತಿಳಿಯಾದ ಭಾಗ ನೋಡುತ್ತಾರೆ. ಕೂದಲೊಳಗೆ ಎಳೆ ಕಾಣುತ್ತಿದೆಯೇ? ಕಪ್ಪು ಕೋಟಿನಲ್ಲಿ ಗುಂಡಿ ಇದೆಯೇ? ಜಗಲಿಯ ಒಳಗತ್ತಲಲ್ಲಿ ಕಂಬ ನಿಂತಿದೆಯೇ? ಅಲ್ಲಿ ಫಿಲ್ಮು ಖಾಲಿ ಇದ್ದರೆ ಆ ನೆರಳು ಕ್ಯಾಮೆರಾದಲ್ಲೇ ಹೋಯಿತು. ಯಾವ ಕಾಗದವೂ, ಯಾವ ಲೆನ್ಸೂ ಅದನ್ನು ವಾಪಸು ತರುವುದಿಲ್ಲ. ಕಪ್ಪು ಹೆಚ್ಚಾದದ್ದಕ್ಕೆ ಮಾತ್ರ ಮದ್ದುಂಟು: ಹೆಚ್ಚು ಹೊತ್ತು ಬೆಳಕು ಕೊಟ್ಟರೆ ದಟ್ಟ ಭಾಗವನ್ನೂ ಭೇದಿಸಬಹುದು. ದಟ್ಟ ಭಾಗಕ್ಕೆ ಒಂದು ಒರೆಗಲ್ಲನ್ನೂ ಹಳಬರು ಇಟ್ಟುಕೊಂಡಿದ್ದರು. ನೆಗೆಟಿವನ್ನು ಅಚ್ಚಿನ ಕಾಗದದ ಮೇಲಿಟ್ಟರೆ ಅತಿ ಕಪ್ಪಾದ ಜಾಗದ ಮೂಲಕವೂ ಅಕ್ಷರ ಓದಲು ಬರಬೇಕು. ಬಂದರೆ ಒಳ್ಳೆಯ ನೆಗೆಟಿವ್. ಬರದಿದ್ದರೆ ಅದು ‘ಬ್ಲಾಕ್’.

ಓದಿದ ಮೇಲೆ ಕಾಗದದ ಆಯ್ಕೆ. ಅಡಿಕೆ ಮಂಡಿಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಕೈಯಲ್ಲಿ ತೂಗಿ, ಕಣ್ಣಲ್ಲಿ ಅಳೆದು ಬೇರೆ ಮಾಡುವಂತೆ ಇಲ್ಲಿ ನೆಗೆಟಿವ್‌ಗಳನ್ನು ವಿಂಗಡಿಸಿಡುತ್ತಾರೆ. ಕಾಗದದ ಡಬ್ಬಿಗಳ ಮೇಲೆ ಅಂಕಿ ಇರುತ್ತದೆ. 1 ಎಂದರೆ ಸಾಫ್ಟ್, 2 ನಾರ್ಮಲ್, 3 ಹಾರ್ಡ್, 4 ಮತ್ತು 5 ಇನ್ನೂ ಗಡಸು. ಬಿಸಿಲಿಗೆ ತೆಗೆದ, ಕಪ್ಪುಬಿಳುಪಿನ ಅಂತರ ವಿಪರೀತವಾದ ನೆಗೆಟಿವ್‌ಗೆ ಸಾಫ್ಟ್ ಕಾಗದ. ಮೋಡಕ್ಕೆ ತೆಗೆದ ಸಪ್ಪೆ ನೆಗೆಟಿವ್‌ಗೆ ಹಾರ್ಡ್. ಒಂದೇ ಕಾಗದದಲ್ಲಿ ಹಲವು ಗ್ರೇಡ್ ಕೊಡುವ ಮಲ್ಟಿಗ್ರೇಡನ್ನು ಇಂಗ್ಲೆಂಡಿನ ಇಲ್ಫೋರ್ಡ್ ಕಂಪನಿ 1940ರಲ್ಲೇ ಹೊರತಂದಿತ್ತು. ಮಲೆನಾಡಿನ ಸಣ್ಣ ಸ್ಟುಡಿಯೋದ ಕಪಾಟಿನಲ್ಲಿ ಮಾತ್ರ ಗ್ರೇಡ್ ಬರೆದ ಡಬ್ಬಿಗಳೇ. ಆಗ್ಫಾದ್ದು, ಇಲ್ಲವೇ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’. ಕೇಂದ್ರ ಸರ್ಕಾರ 1960ರಲ್ಲಿ ಸ್ಥಾಪಿಸಿದ ಆ ಕಂಪನಿಯ ಕಾರ್ಖಾನೆ ಊಟಿಯ ಚಳಿಯಲ್ಲಿ ಫಿಲ್ಮೂ ಕಾಗದವೂ ತಯಾರಿಸಿ ದೇಶಕ್ಕೆಲ್ಲ ಕಳಿಸುತ್ತಿತ್ತು. ಫಿಲ್ಮಿನಲ್ಲಿ ಪೂರ್ವ ಜರ್ಮನಿಯ ಓರ್ವೊ ಕೂಡ ಧಾರಾಳವಾಗಿ ಸಿಗುತ್ತಿತ್ತು.

ಸಾಗರ, ಹೊಸನಗರ, ತೀರ್ಥಹಳ್ಳಿ, ಈ ಮೂರು ತಾಲ್ಲೂಕುಗಳ ಬೆಳಕು ಮೂರು ಥರದ ನೆಗೆಟಿವ್ ಕೊಡುತ್ತದೆ. ಒಂದೊಂದೂ ಎನ್‌ಲಾರ್ಜರಿಗೆ ಒಂದೊಂದು ಪ್ರಶ್ನೆ ಕೇಳುತ್ತದೆ.

ಸಾಗರ: ಬಿಳಿಯ ಭಾರ

ಮೊದಲನೆಯದು ಜೋಗ. ಸಾಗರದ ಸ್ಟುಡಿಯೋಕ್ಕೆ ಪ್ರವಾಸಿಗಳ ಫಿಲ್ಮು ಎಂದರೆ ಅದರಲ್ಲಿ ಒಂದಾದರೂ ಜೋಗ ಇದ್ದೇ ಇರುತ್ತದೆ. ಆಗ್ಫಾ ಕ್ಲಿಕ್-3 ಪೆಟ್ಟಿಗೆ ಕ್ಯಾಮೆರಾದಲ್ಲಿ ತೆಗೆದ ಹನ್ನೆರಡು ಚೌಕ ಚಿತ್ರಗಳು. ಕಟ್ಟೆಯ ಮುಂದೆ ಸಾಲಾಗಿ ನಿಂತ ಕುಟುಂಬ, ಹಿಂದೆ 253 ಮೀಟರ್ ಕೆಳಗೆ ಧುಮುಕುವ ರಾಜ, ರಾಣಿ, ರೋರರ್, ರಾಕೆಟ್. ನೀರಿನ ಬಿಳುಪು ನೆಗೆಟಿವ್‌ನಲ್ಲಿ ಮಸಿ ಬಳಿದಂತೆ ದಟ್ಟ. ಪಕ್ಕದ ಒದ್ದೆಬಂಡೆ ಬಹುತೇಕ ತಿಳಿಗಾಜು. ನಡುವೆ ಮನುಷ್ಯರ ಮುಖಗಳು ಎಲ್ಲೋ ಸಿಕ್ಕಿಕೊಂಡಿವೆ.

ಇಲ್ಲಿ ಎನ್‌ಲಾರ್ಜರಿನ ತಯಾರಿ ಹೀಗೆ. 6×6 ಸೆಂಟಿಮೀಟರಿನ ನೆಗೆಟಿವ್‌ಗೆ 75 ಅಥವಾ 80 ಮಿಲಿಮೀಟರ್ ಲೆನ್ಸ್ ಬೇಕು. 35 ಮಿ.ಮೀ. ಫಿಲ್ಮಿನ 50ರ ಲೆನ್ಸನ್ನೇ ಇಟ್ಟರೆ ಮೂಲೆಗಳಿಗೆ ಬೆಳಕು ಮುಟ್ಟದೆ ಚಿತ್ರದ ನಾಲ್ಕೂ ಮೂಲೆ ಬಿಳಿಚಿಕೊಳ್ಳುತ್ತದೆ. ಲೆನ್ಸನ್ನು ಪೂರ್ತಿ ತೆರೆದು ಫೋಕಸ್ ಮಾಡಬೇಕು. ಆಗ ಹಲಗೆಯ ಮೇಲೆ ಬೆಳಕು ಹೆಚ್ಚು, ಕಣ್ಣಿಗೆ ತಿಳಿಯುತ್ತದೆ. ನೋಡಬೇಕಾದದ್ದು ಮುಖದ ಚೂಪನ್ನಲ್ಲ, ಫಿಲ್ಮಿನ ಬೆಳ್ಳಿಕಣವನ್ನು. ಚಿತ್ರ ಕ್ಯಾಮೆರಾದಲ್ಲೇ ಅಲುಗಿದ್ದರೂ ಕಣ ಅಲುಗಿರುವುದಿಲ್ಲ. ಕಣ ನೋಡುವ ಫೋಕಸರ್ ಇಲ್ಲದ ಕಡೆ ಹಾಳಾದ ಕರಿ ಫಿಲ್ಮಿನ ಮೇಲೆ ಸೂಜಿಯಿಂದ ಗೀರು ಎಳೆದು, ಮೊದಲು ಅದನ್ನು ಕ್ಯಾರಿಯರ್‌ನಲ್ಲಿಟ್ಟು ಗೀರು ಚೂಪಾಗುವವರೆಗೆ ತಿರುಗಿಸಿ, ಆಮೇಲೆ ನಿಜವಾದ ನೆಗೆಟಿವ್ ಹಾಕುವುದು. ಫೋಕಸ್ ಆದ ಮೇಲೆ ಲೆನ್ಸನ್ನು ಎರಡು ಸ್ಟಾಪ್ ಮುಚ್ಚಬೇಕು. 4.5ರಲ್ಲಿ ತೆರೆಯುವ ಲೆನ್ಸಾದರೆ 8ರ ಆಸುಪಾಸು. ಲೆನ್ಸುಗಳು ತಮ್ಮ ಒಳ್ಳೆಯ ಗುಣ ತೋರುವುದು ಅಲ್ಲೇ. ತೀರಾ 16ಕ್ಕೆ ಮುಚ್ಚಿದರೆ ಬೆಳಕು ಅಂಚಿನಲ್ಲಿ ಚದುರಿ ಚೂಪು ಮತ್ತೆ ಕೆಡುತ್ತದೆ, ಸಮಯವೂ ವ್ಯರ್ಥ.

ಎಷ್ಟು ಸೆಕೆಂಡು? ಅದಕ್ಕೆ ಟೆಸ್ಟ್ ಸ್ಟ್ರಿಪ್. ಬೆರಳಗಲದ ಕಾಗದದ ಪಟ್ಟಿಯನ್ನು ಚಿತ್ರದ ಮುಖ್ಯ ಭಾಗದ ಮೇಲಿಟ್ಟು, ರಟ್ಟಿನಿಂದ ಒಂದೊಂದೇ ಪಟ್ಟೆ ಮುಚ್ಚುತ್ತ 4, 8, 16, 32 ಸೆಕೆಂಡು ಬೆಳಕು ಕೊಡುವುದು. ಪ್ರತಿ ಪಟ್ಟೆಯೂ ಹಿಂದಿನದರ ಎರಡರಷ್ಟು. ಒಂದೊಂದು ಸ್ಟಾಪಿನ ಅಂತರ. 5, 10, 15, 20 ಎಂದು ಕೂಡಿಸುತ್ತ ಹೋದರೆ ಕೊನೆಯ ಪಟ್ಟೆಗಳಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಪಟ್ಟಿ ಡೆವಲಪ್ ಆಗಿ ಹೈಪೋದಲ್ಲಿ ಬಿದ್ದ ಮೇಲೆ ಬಿಳಿದೀಪ ಹಾಕಿ ನೋಡುತ್ತಾರೆ. ಕತ್ತಲೆ ಕೋಣೆಯ ದೊಡ್ಡ ಸೂತ್ರ ಇಲ್ಲಿಯೇ ಇದೆ. ಸಮಯವನ್ನು ಬಿಳುಪು ನೋಡಿ ತೀರ್ಮಾನಿಸಬೇಕು, ಕಾಗದದ ಗ್ರೇಡನ್ನು ಕಪ್ಪು ನೋಡಿ. ಯಾವ ಪಟ್ಟೆಯಲ್ಲಿ ಜೋಗದ ನೀರಿಗೆ ಎಳೆಗಳು ಮೂಡಿವೆಯೋ ಅದೇ ಸರಿಯಾದ ಸೆಕೆಂಡು. ಅಷ್ಟು ಹೊತ್ತಿಗೆ ಬಂಡೆ ಮಸಿಯ ಮುದ್ದೆಯಾಗಿದ್ದರೆ ಒಂದು ಗ್ರೇಡ್ ಸಾಫ್ಟ್ ಕಾಗದಕ್ಕೆ ಇಳಿಯಬೇಕು. ಬೂದು ಬಡಿದಿದ್ದರೆ ಒಂದು ಗ್ರೇಡ್ ಏರಬೇಕು. ಕ್ಯಾಮೆರಾ ಹಿಡಿದಾಗ ನೆರಳಿಗೆ ತಕ್ಕ ಬೆಳಕು ಬಿಡಬೇಕೆಂಬ ನಿಯಮ ಎನ್‌ಲಾರ್ಜರಿನ ಕೆಳಗೆ ಬರುವ ಹೊತ್ತಿಗೆ ಪೂರ್ತಿ ಮಗುಚಿಕೊಂಡಿರುತ್ತದೆ.

ಜೋಗದ ಚಿತ್ರಕ್ಕೆ 1ನೇ ಗ್ರೇಡ್ ಕೊಟ್ಟರೂ ಒಮ್ಮೊಮ್ಮೆ ಸಾಲದು. ಆಗ ಕೈಯ ಕೆಲಸ. ಪೂರ್ತಿ ಚಿತ್ರಕ್ಕೆ ಬೆಳಕು ಕೊಟ್ಟ ಮೇಲೆ ತೂತು ಕೊರೆದ ರಟ್ಟನ್ನು ಲೆನ್ಸಿನ ಕೆಳಗೆ ಹಿಡಿದು, ತೂತಿನಿಂದ ಇಳಿದ ಬೆಳಕನ್ನು ನೀರಿನ ಮೇಲಷ್ಟೇ ಮೇಲಿಂದ ಕೆಳಕ್ಕೆ ಆಡಿಸುತ್ತ ಇನ್ನೊಂದಿಷ್ಟು ಹೊತ್ತು ‘ಬರ್ನ್’ ಮಾಡುವುದು. ರಟ್ಟು ನಿಂತರೆ ಅಂಚು ಗುರುತಾಗುತ್ತದೆ. ಅದಕ್ಕೇ ಒಟ್ಟು ಸಮಯ 10 ಸೆಕೆಂಡಿಗೆ ಕಡಿಮೆ ಇರಬಾರದು ಎನ್ನುತ್ತಾರೆ. 4 ಸೆಕೆಂಡಿನಲ್ಲಿ ಕೈ ಆಡಿಸಲು ಪುರುಸೊತ್ತೆಲ್ಲಿ?

ಇಷ್ಟೆಲ್ಲ ಲೆಕ್ಕ ಕರೆಂಟಿನ ಮರ್ಜಿಯಲ್ಲಿದೆ. 1940ರ ದಶಕದ ಕೊನೆಯಿಂದಲೇ ಶರಾವತಿ ಜೋಗದಲ್ಲಿ ವಿದ್ಯುತ್ ಕೊಡುತ್ತಿದ್ದರೂ ಸುತ್ತಲಿನ ಊರುಗಳಲ್ಲಿ ಗಾಳಿಮಳೆಗೆ ಮರ ಬಿದ್ದರೆ ತಂತಿ ಹರಿಯುತ್ತದೆ. ಹರಿಯದಿದ್ದರೂ ವೋಲ್ಟೇಜ್ ಕುಸಿಯುತ್ತದೆ. ಬುರುಡೆ ಬಲ್ಬಿನ ಸ್ವಭಾವ ವಿಚಿತ್ರ: ವೋಲ್ಟೇಜ್ ನೂರಕ್ಕೆ 10ರಷ್ಟು ಇಳಿದರೆ ಬೆಳಕು ಇಳಿಯುವುದು ನೂರಕ್ಕೆ 30ರಷ್ಟು. ಟೆಸ್ಟ್ ಸ್ಟ್ರಿಪ್ ಮಾಡಿದಾಗ ಇದ್ದ ಕರೆಂಟು ಪ್ರಿಂಟ್ ಹಾಕುವಾಗ ಇರದಿದ್ದರೆ 16 ಸೆಕೆಂಡಿನ ತೀರ್ಮಾನಕ್ಕೆ ಅರ್ಥವಿಲ್ಲ. ಅನುಕೂಲ ಇದ್ದವರು ಸ್ಟೆಬಿಲೈಸರ್ ಇಟ್ಟುಕೊಂಡರು. ಇಲ್ಲದವರು ಎದುರಿನ ಹೋಟೆಲಿನವರು ಗ್ರೈಂಡರ್ ನಿಲ್ಲಿಸುವವರೆಗೆ ಕಾದರು.

ಹೊಸನಗರ: ನೆರಳಿಲ್ಲದ ಬೆಳಕು

ಎರಡನೆಯ ನೆಗೆಟಿವ್ ಹೊಸನಗರದ ಕಡೆಯದು. ಕೊಡಚಾದ್ರಿಯ ತಪ್ಪಲು, ನಗರದ ಕೋಟೆ, ಹುಲಿಕಲ್ಲಿನ ಘಾಟಿ ಇರುವ ತಾಲ್ಲೂಕು. ಮಳೆಯಲ್ಲಿ ಆಗುಂಬೆಗೆ ಪೈಪೋಟಿ ಕೊಡುವ ಊರು ಹುಲಿಕಲ್ಲು. ಜೂನ್ ಬಂದರೆ ಆಕಾಶವೇ ಕೆಳಗಿಳಿದಂತೆ. ಶಾಲೆಯ ಗುಂಪುಫೋಟೋ ತೆಗೆಯಲು ಮಳೆ ತುಸು ಹೊಳವಾದಾಗ ಮಕ್ಕಳನ್ನು ಅಂಗಳಕ್ಕೆ ಓಡಿಸಿ, ಬೆಂಚು ಒರೆಸಿ, ಹೆಡ್‌ಮಾಸ್ತರರನ್ನು ನಡುವೆ ಕೂರಿಸಿ ಕ್ಲಿಕ್ ಎನ್ನಿಸಬೇಕು. ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ, ಎಲ್ಲಿಂದಲೂ ಬರುವುದಿಲ್ಲ. ಮೂಗಿನ ಕೆಳಗೂ ನೆರಳಿಲ್ಲ. ನೆಗೆಟಿವ್ ನೋಡಿದರೆ ಮಕ್ಕಳು, ಗೋಡೆ, ಹಿಂದಿನ ಕಾಡು ಎಲ್ಲ ಒಂದೇ ಬೂದಿ.

ಇಂಥ ನೆಗೆಟಿವ್ ಕಂಡಾಗ ಸಪ್ಪೆಯೋ ತೆಳುವೋ ಎಂದು ಬೇರೆಮಾಡಿ ತಿಳಿಯಬೇಕು. ಎರಡೂ ಮೊದಲ ನೋಟಕ್ಕೆ ಒಂದೇ. ಸಪ್ಪೆ ನೆಗೆಟಿವ್‌ನಲ್ಲಿ ಎಲ್ಲ ವಿವರವೂ ಇದೆ, ಒತ್ತೊತ್ತಾಗಿ ಇದೆ ಅಷ್ಟೆ. ತೆಳು ನೆಗೆಟಿವ್‌ನಲ್ಲಿ ನೆರಳಿನ ವಿವರವೇ ಬಿದ್ದಿಲ್ಲ. ಹಾಗಾದರೆ ತಪ್ಪು ಎಲ್ಲಿ ನಡೆಯಿತು? ಸಾಕ್ಷಿ ಫಿಲ್ಮಿನ ಅಂಚಿನಲ್ಲಿದೆ. ಕಾರ್ಖಾನೆಯವರು ಅಂಚಿನಲ್ಲಿ ಅಂಕಿ ಮತ್ತು ಹೆಸರನ್ನು ಮೊದಲೇ ಬೆಳಕಿನಿಂದ ಬರೆದಿರುತ್ತಾರೆ. ಅದು ಕ್ಯಾಮೆರಾದ ಕೈಗೆ ಸಿಗುವುದಿಲ್ಲ, ಡೆವಲಪರ್‌ನಲ್ಲಿ ಮಾತ್ರ ಮೂಡುತ್ತದೆ. ಅಂಚಿನ ಅಂಕಿ ಗಾಢವಾಗಿದ್ದು ಚಿತ್ರ ತೆಳುವಾಗಿದ್ದರೆ ಕ್ಯಾಮೆರಾ ಬೆಳಕು ಕಡಿಮೆ ಬಿಟ್ಟಿದೆ. ಅಂಕಿಯೂ ಮಸುಕಾಗಿದ್ದರೆ ಡೆವಲಪರ್ ಸೋತಿದೆ, ಅಥವಾ ತಣ್ಣಗಿತ್ತು. ತೆಗೆದವನ ತಪ್ಪೋ ತೊಳೆದವನ ತಪ್ಪೋ ಎಂಬ ಜಗಳಕ್ಕೆ ಇಷ್ಟು ನಿಷ್ಪಕ್ಷಪಾತ ಪಂಚಾಯಿತಿ ಬೇರೆ ಸಿಗಲಾರದು.

ತಣ್ಣಗಾಗುವುದು ಇಲ್ಲಿ ಬರಿಯ ಮಾತಲ್ಲ. ಸ್ಟುಡಿಯೋದವರು ಪುಡಿಗಳನ್ನು ತೂಗಿ ತಾವೇ ಬೆರೆಸುತ್ತಿದ್ದ ಡಿ-76 ಡೆವಲಪರಿನ ಲೆಕ್ಕ ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರಾಕ್ಸ್ 2. ಅದರ ನಿಮಿಷಗಳನ್ನೆಲ್ಲ ಹೇಳಿರುವುದು 20 ಡಿಗ್ರಿ ಸೆಲ್ಷಿಯಸ್‌ಗೆ. ಡಿಸೆಂಬರಿನ ಬೆಳಗ್ಗೆ ಮಲೆನಾಡಿನ ನೀರಿಗೆ ಕೈ ಇಟ್ಟರೆ ಕೊರೆಯುತ್ತದೆ. ಚಳಿ ಜಾಸ್ತಿಯಾದರೆ ಹೈಡ್ರೋಕ್ವಿನೋನ್ ಕೆಲಸವನ್ನೇ ನಿಲ್ಲಿಸುತ್ತದೆ. ಬಚ್ಚಲ ಹಂಡೆಯ ಬಿಸಿನೀರನ್ನು ದೊಡ್ಡ ಪಾತ್ರೆಗೆ ಸುರಿದು, ಅದರೊಳಗೆ ಡೆವಲಪರ್ ಬಾಟಲಿ ನಿಲ್ಲಿಸಿ ಹದಕ್ಕೆ ತರಬೇಕು. ಏಪ್ರಿಲ್–ಮೇ ತಿಂಗಳಲ್ಲಿ ಅದೇ ನೀರು ಬೆಚ್ಚಗಾಗಿ ಫಿಲ್ಮಿನ ಜೆಲಟಿನ್ ಮೆತ್ತಗಾಗುತ್ತದೆ. ಆಗ ಹೈಪೋಗೆ ಪಟಿಕ ಬೆರೆಸಿ ಗಟ್ಟಿ ಮಾಡಿಕೊಳ್ಳಬೇಕು. ಮಳೆಗಾಲದ ನೀರು ಮಾತ್ರ ಹದವಾಗಿಯೂ ಮೃದುವಾಗಿಯೂ ಇರುತ್ತದೆ. ತೊಳೆದ ಫಿಲ್ಮಿನ ಮೇಲೆ ಸುಣ್ಣದ ಕಲೆ ಉಳಿಸುವುದಿಲ್ಲ.

ಹೊಸನಗರದ ಸಪ್ಪೆ ನೆಗೆಟಿವ್‌ಗೆ 4ನೇ ಗ್ರೇಡಿನ ಕಾಗದ. ಒಡನೆಯೇ ಚಿತ್ರಕ್ಕೆ ಜೀವ ಬರುತ್ತದೆ. ಹುಡುಗಿಯರ ಜಡೆ ಕಪ್ಪಾಗುತ್ತದೆ, ಸಮವಸ್ತ್ರ ಬೆಳ್ಳಗಾಗುತ್ತದೆ. ಜೊತೆಗೆ ಕಾಟವೂ ಬರುತ್ತದೆ. ಗಡಸು ಕಾಗದ ಧೂಳನ್ನೂ ಗೀರನ್ನೂ ಅಷ್ಟೇ ಮುತುವರ್ಜಿಯಿಂದ ತೋರಿಸುತ್ತದೆ. ಕಂಡೆನ್ಸರ್ ಎನ್‌ಲಾರ್ಜರ್ ಆದರಂತೂ ಇನ್ನೂ ಹೆಚ್ಚು. ಕಂಡೆನ್ಸರಿನ ಬೆಳಕು ಒಂದೇ ದಿಕ್ಕಿನಲ್ಲಿ ಸಾಗುವುದರಿಂದ ಬೆಳ್ಳಿ ದಟ್ಟವಾಗಿರುವ ಕಡೆ ಚದುರಿ ಕಳೆದುಹೋಗುತ್ತದೆ, ತಿಳಿ ಇರುವ ಕಡೆ ನೇರ ಇಳಿಯುತ್ತದೆ. ಹಾಗಾಗಿ ಒಂದೇ ನೆಗೆಟಿವ್, ಹಾಲುಗಾಜಿನ ಮೂಲಕ ಬೆಳಕು ಬಿಡುವ ಡಿಫ್ಯೂಸರ್ ಎನ್‌ಲಾರ್ಜರಿಗಿಂತ ಇದರಲ್ಲಿ ಹೆಚ್ಚುಕಮ್ಮಿ ಒಂದು ಗ್ರೇಡ್ ಗಡಸಾಗಿ ಕಾಣುತ್ತದೆ. ಈ ಗುಣವನ್ನು 1909ರಲ್ಲಿ ವಿವರಿಸಿದ ಕ್ಯಾಲಿಯರ್ ಎಂಬವನ ಹೆಸರು ಅದಕ್ಕೆ ಅಂಟಿಕೊಂಡಿದೆ. ಒಬ್ಬ ಸ್ಟುಡಿಯೋದವನ ‘3ನೇ ಗ್ರೇಡ್ ಹಾಕು’ ಎಂಬ ಸಲಹೆ ಇನ್ನೊಬ್ಬನ ಕೋಣೆಯಲ್ಲಿ ಕೈಕೊಡುವುದು ಇದಕ್ಕೇ.

ಪ್ರಿಂಟ್ ಒಣಗಿಸುವ ಪಾಡು ಬೇರೆ. ಆಷಾಢದಲ್ಲಿ ಬಟ್ಟೆಯೇ ಒಣಗದ ಊರಿನಲ್ಲಿ ಕಾಗದ ಹೇಗೆ ಒಣಗೀತು? ಕ್ಲಿಪ್ಪು ಹಾಕಿ ನೇತುಬಿಟ್ಟದ್ದು ಮರುದಿನವೂ ತಣ್ಣಗೆ ಅಂಟುತ್ತದೆ. ಹೊಳಪು ಬೇಕಾದವಕ್ಕೆ ಗ್ಲೇಜಿಂಗ್ ತಗಡಿಗೆ ಅಂಟಿಸಿ ಬಿಸಿ ಕೊಡಬೇಕು. ಸರಿಯಾಗಿ ಒಣಗಿದ ಪ್ರಿಂಟ್ ಚಟಪಟ ಎಂದು ತಾನೇ ಬಿಟ್ಟುಕೊಳ್ಳುತ್ತದೆ, ಅವಸರಪಟ್ಟು ಕಿತ್ತರೆ ಜೆಲಟಿನ್ ತಗಡಿನಲ್ಲೇ ಉಳಿಯುತ್ತದೆ. ಒಣಗಿದ ಪ್ರಿಂಟ್ ಒದ್ದೆಯಿದ್ದಾಗಿನದಕ್ಕಿಂತ ತುಸು ಮಂಕು. ಹೈಪೋದಲ್ಲಿ ಮಿರಿಮಿರಿ ಮಿಂಚಿದ ಬಿಳುಪು ಒಣಗಿದಾಗ ಒಂದು ಮೆಟ್ಟಿಲು ಇಳಿದಿರುತ್ತದೆ. ಆದ್ದರಿಂದ ಒದ್ದೆಯಲ್ಲಿ ‘ಸರಿ’ ಅನ್ನಿಸಿದ್ದಕ್ಕಿಂತ ಒಂದೆರಡು ಸೆಕೆಂಡು ಕಡಿಮೆ ಕೊಡುವುದು ಅಭ್ಯಾಸ. ನೆಗೆಟಿವ್‌ಗಳಿಗೆ ಬೂಷ್ಟು ಹಿಡಿಯುವುದು ಇನ್ನೊಂದು ದಿಗಿಲು. ಜೆಲಟಿನ್ ಎಂದರೆ ಬೂಷ್ಟಿಗೆ ಊಟ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿಡುತ್ತಿದ್ದರು. ತೇವ ಹೀರಿ ಅದು ಗುಲಾಬಿಗೆ ತಿರುಗಿದಾಗ ಒಲೆಯ ಮೇಲೆ ಹುರಿದು ಮತ್ತೆ ನೀಲಿ ಮಾಡಿಕೊಳ್ಳುತ್ತಿದ್ದರು.

ತೀರ್ಥಹಳ್ಳಿ: ತೋಟದೊಳಗಿನ ಬಿಸಿಲು

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ತೀರ್ಥಹಳ್ಳಿಯ ಒಂದು ಅಡಿಕೆತೋಟ, ಹೊಸ ದಂಪತಿ. ಮರಗಳ ನಡುವೆ ನಿಲ್ಲಿಸಿ ಫೋಟೋ ತೆಗೆಯಬೇಕೆಂಬುದು ಹುಡುಗನ ಅಕ್ಕನ ಆಸೆ. ಸೋಗೆಯ ಸಂದಿಯಿಂದ ಇಳಿದ ಬಿಸಿಲು ಎಲ್ಲೆಂದರಲ್ಲಿ ತೇಪೆ ಹಾಕಿದೆ. ಹುಡುಗನ ಪಂಚೆಯ ಮೇಲೊಂದು, ಹುಡುಗಿಯ ಭುಜದ ಮೇಲೊಂದು, ಹಿಂದಿನ ಕಾಂಡದ ಮೇಲೆ ನಾಲ್ಕು. ಇಬ್ಬರ ಮುಖವೂ ನೆರಳಿನಲ್ಲಿ. ಜೋಗದಲ್ಲಿ ಬಿಳುಪು ಒಂದು ಕಡೆ, ಕಪ್ಪು ಒಂದು ಕಡೆ ಇತ್ತು. ಇಲ್ಲಿ ಎರಡೂ ಹೆಣೆದುಕೊಂಡಿವೆ. ಸಾಫ್ಟ್ ಕಾಗದ ಹಾಕಿದರೆ ತೋಟವೆಲ್ಲ ಹೊಗೆ ಕವಿದಂತಾಗುತ್ತದೆ. ಹಾರ್ಡ್ ಹಾಕಿದರೆ ತೇಪೆಗಳು ಸುಣ್ಣದ ಚುಕ್ಕಿಗಳಾಗುತ್ತವೆ.

ಈ ಚಿತ್ರಕ್ಕೆ 2ನೇ ಗ್ರೇಡ್. ಉಳಿದದ್ದು ಕೈಗೆ ಬಿಟ್ಟದ್ದು. ಸೈಕಲ್ ಚಕ್ರದ ಕಡ್ಡಿಯ ತುದಿಗೆ ರೂಪಾಯಿ ಅಗಲದ ರಟ್ಟು ಅಂಟಿಸಿದ ‘ಡಾಡ್ಜರ್’. ಒಟ್ಟು 20 ಸೆಕೆಂಡಿನಲ್ಲಿ 4 ಸೆಕೆಂಡು ಅದನ್ನು ಮುಖಗಳ ಮೇಲೆ ಆಡಿಸಿದರೆ ಅಲ್ಲಿ ಬೆಳಕು ಕಡಿಮೆ ಬಿದ್ದು ಮುಖ ತಿಳಿಯಾಗುತ್ತದೆ. ಆಮೇಲೆ ತೂತಿನ ರಟ್ಟಿನಿಂದ ಪಂಚೆಯ ಬಿಸಿಲಿಗೆ ಇನ್ನೂ 10 ಸೆಕೆಂಡು. ಡೆವಲಪರ್‌ನಲ್ಲಿ ಚಿತ್ರ ಮೇಲೆದ್ದು ಬರುವಾಗ ಆತುರ ಪಡಬಾರದು. ಕೆಂಪು ಬೆಳಕಿನಲ್ಲಿ ಪ್ರಿಂಟ್ ಇರುವುದಕ್ಕಿಂತ ಕಪ್ಪಾಗಿ ಕಾಣುತ್ತದೆ. ಹೆದರಿ ಅರ್ಧಕ್ಕೆ ಎತ್ತಿದರೆ ಕಪ್ಪು ಕಪ್ಪಾಗದೆ ಮಣ್ಣುಬಣ್ಣ ತಾಳುತ್ತದೆ. ಒಂದೂವರೆ–ಎರಡು ನಿಮಿಷ ಟ್ರೇ ಅಲುಗಿಸುತ್ತ ಕಾಯಲೇಬೇಕು. ತಪ್ಪಿದ್ದರೆ ಎನ್‌ಲಾರ್ಜರಿನ ಕೆಳಗೆ ತಿದ್ದಬೇಕು, ಟ್ರೇಯಲ್ಲಿ ತಿದ್ದಲು ಹೋಗಬಾರದು.

ಆಲ್ಬಮ್ ನೋಡಲು ಬಂದ ಮನೆಯವರದು ಒಂದೇ ಮಾತು.

“ನಮ್ಮ ಮಾಣಿ ಮುಖ ಸ್ವಲ್ಪ ಕಪ್ಪಾಯ್ತಲ್ಲ. ಬೆಳ್ಳಗೆ ಮಾಡಿ ಕೊಡಿ ಮಾರಾಯ್ರೆ.”

“ಬೆಳ್ಳಗೆ ಮಾಡೋದೇನು ದೊಡ್ಡದಲ್ಲ ಭಟ್ರೆ. ಆಮೇಲೆ ಇದು ಯಾರ ಮನೆ ಮಾಣಿ ಅಂತ ನೀವೇ ಕೇಳ್ಬಾರ್ದು ನೋಡಿ.”

ಇದು ತಮಾಷೆಯ ಉತ್ತರವಾದರೂ ಒಳಗೆ ಕಸುಬಿನ ನಿಲುವಿದೆ. ನೆರಳಿನಲ್ಲಿದ್ದ ಮುಖವನ್ನು ಬಿಸಿಲಿನ ಪಂಚೆಯಷ್ಟೇ ಬೆಳಗಿಸಿದರೆ ತೋಟ ಸುಳ್ಳಾಗುತ್ತದೆ. ಎಷ್ಟು ಕತ್ತಲನ್ನು ಉಳಿಸಬೇಕು ಎನ್ನುವುದೇ ಮಲೆನಾಡಿನ ಪ್ರಿಂಟಿನ ನಿಜವಾದ ಅಳತೆ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ ಕಾಸರವಳ್ಳಿ, ಅದೇ ತಾಲ್ಲೂಕಿನ ಮೇಳಿಗೆಯ ಅನಂತಮೂರ್ತಿಯವರ ಕಥೆ ಆಧರಿಸಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ ಚಲನಚಿತ್ರ ಕಪ್ಪುಬಿಳುಪಿನದು. ಎಸ್. ರಾಮಚಂದ್ರ ಅವರ ಕ್ಯಾಮೆರಾ ಅಲ್ಲಿನ ಮನೆಗಳ ಒಳಗತ್ತಲನ್ನು ತೊಳೆದು ಬೆಳ್ಳಗೆ ಮಾಡಲು ಹೋಗುವುದಿಲ್ಲ. ಕತ್ತಲೊಳಗೆ ಕಣ್ಣು ಹೊಂದಿಕೊಂಡಷ್ಟೂ ಕಾಣುವ ಆ ಬಗೆ, ತೋಟದ ದಂಪತಿಯ ನೆಗೆಟಿವ್ ಹಿಡಿದು ಕೂತ ಸ್ಟುಡಿಯೋದವನೂ ಹುಡುಕುತ್ತಿದ್ದದ್ದೇ.

ಗುಂಪಿನಿಂದ ಒಬ್ಬರು

ಮೂರು ಊರಿನ ಸ್ಟುಡಿಯೋಗಳಿಗೂ ಸಮಾನವಾದ ಕೆಲಸ ಒಂದಿತ್ತು. ಯಾರೋ ತೀರಿಕೊಂಡಿದ್ದಾರೆ. ಅವರದೊಂದು ಒಂಟಿ ಫೋಟೋ ಇಲ್ಲ. ವೈಕುಂಠ ಸಮಾರಾಧನೆಗೆ ಗೋಡೆಗೆ ಹಾಕುವ ಪಟ ಬೇಕು. ಮಗ ಒಂದು ಮದುವೆಯ ಗುಂಪುಫೋಟೋ ತಂದಿದ್ದಾನೆ. ಹಿಂದಿನ ಸಾಲಿನಲ್ಲಿ ಕಂಬದ ಪಕ್ಕ ಅರ್ಧ ಮರೆಯಾಗಿ ನಿಂತವರು ಅವನ ಅಮ್ಮ.

“ಇದರಲ್ಲಿ ಅಮ್ಮನ್ನ ಮಾತ್ರ ತೆಗೆದು ದೊಡ್ಡದು ಮಾಡಕ್ಕಾಗ್ತದಾ?”

ಆಗಬಹುದು, ನೆಗೆಟಿವ್ ಸಿಕ್ಕರೆ. ಹಳೆಯ ಪೆಟ್ಟಿಗೆಗಳನ್ನೆಲ್ಲ ತಡಕಿ, ತಾರೀಖು ಬರೆದ ಲಕೋಟೆ ಹುಡುಕಿ, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ನೆಗೆಟಿವ್‌ನಲ್ಲಿ ಆ ಮುಖ 4 ಮಿಲಿಮೀಟರ್. ಪಟದಲ್ಲಿ ಅದು 80 ಮಿಲಿಮೀಟರ್ ಆಗಬೇಕು, ಅಂದರೆ 20 ಪಟ್ಟು. ಗುಂಪುಫೋಟೋ ಪೂರ್ತಿ ಪ್ರಿಂಟ್ ಹಾಕುವಾಗ ನಾಲ್ಕೂವರೆ ಪಟ್ಟು ದೊಡ್ಡದಾಗಿಸಿದರೆ ಸಾಕಿತ್ತು. ತಲೆ ಮೇಲೇರಿದಷ್ಟೂ ಬೆಳಕು ತೆಳುವಾಗುತ್ತದೆ. ಎಷ್ಟು ತೆಳು ಎನ್ನುವುದಕ್ಕೆ ಲೆಕ್ಕವಿದೆ. ಹಿಗ್ಗಿಸಿದ ಪ್ರಮಾಣಕ್ಕೆ ಒಂದು ಕೂಡಿಸಿ ವರ್ಗ ಮಾಡಬೇಕು. ಐದೂವರೆಯ ವರ್ಗ 30, ಇಪ್ಪತ್ತೊಂದರ ವರ್ಗ 441. ಗುಂಪುಫೋಟೋಗೆ 10 ಸೆಕೆಂಡು ಸಾಕಾಗಿದ್ದರೆ ಈ ಮುಖಕ್ಕೆ ಸುಮಾರು ಎರಡೂವರೆ ನಿಮಿಷ. ಕಂಬ ಅಷ್ಟು ಎತ್ತರವಿಲ್ಲ. ಎನ್‌ಲಾರ್ಜರಿನ ತಲೆಯನ್ನು ಹಿಂದಕ್ಕೆ ತಿರುಗಿಸಿ, ಹಲಗೆ ಮಗುಚದಂತೆ ಕಲ್ಲು ಹೇರಿ, ಮೇಜಿನಾಚೆ ನೆಲದ ಮೇಲೆ ಬೆಳಕು ಬೀಳಿಸುತ್ತಾರೆ. ಕಾಗದ ನೆಲದ ಮೇಲೆ. ಅಷ್ಟು ಹೊತ್ತು ಬಲ್ಬು ಉರಿದರೆ ಫಿಲ್ಮು ಬಿಸಿಗೆ ಉಬ್ಬಿ ಫೋಕಸ್ ತಪ್ಪುತ್ತದೆ. ಮೊದಲೇ ಬಲ್ಬು ಹಾಕಿ ಉಬ್ಬಲು ಬಿಟ್ಟು ಆಮೇಲೆ ಫೋಕಸ್ ಮಾಡಿ, ಲೆನ್ಸನ್ನು ಒಂದೇ ಸ್ಟಾಪ್ ಮುಚ್ಚಿ ಸಮಯ ಅರ್ಧಕ್ಕಿಳಿಸಿ, ಕೋಣೆಯಲ್ಲಿ ಯಾರೂ ಕಾಲು ಅಲುಗಿಸದೆ ನಿಲ್ಲುತ್ತಾರೆ.

20 ಪಟ್ಟು ಹಿಗ್ಗಿದ ಮುಖ ಮರಳು ಚೆಲ್ಲಿದಂತೆ ಕಣಕಣ. ಇಲ್ಲಿ ಟಚಿಂಗ್ ಮಾಡುವವರ ಪಾಳಿ. ಆ ಪ್ರಿಂಟನ್ನು ಕ್ಯಾಮೆರಾದಲ್ಲಿ ಮತ್ತೆ ದೊಡ್ಡ ನೆಗೆಟಿವ್ ಮಾಡಿಕೊಂಡು, ಅದರ ಜೆಲಟಿನ್ ಬದಿಯ ಮೇಲೆ ಚೂಪು ಪೆನ್ಸಿಲಿನಿಂದ ಚುಕ್ಕಿ ಇಡುತ್ತ ಹೋಗುತ್ತಾರೆ. ನೆಗೆಟಿವ್‌ನಲ್ಲಿ ಸುಕ್ಕು ತಿಳಿಗೆರೆ. ಪೆನ್ಸಿಲಿನ ಬೂದಿ ತುಂಬಿದರೆ ಪ್ರಿಂಟ್‌ನಲ್ಲಿ ಸುಕ್ಕು ಮಾಯ. ಎಲ್ಲ ಸುಕ್ಕೂ ಮಾಯವಾದರೆ ಅಮ್ಮನೂ ಮಾಯ. ಎಷ್ಟು ಉಳಿಸಬೇಕು ಎಂಬ ತೀರ್ಮಾನ ಇಲ್ಲಿಯೂ ಎದುರಾಗುತ್ತದೆ.

ಗುಂಪುಫೋಟೋದಲ್ಲಿ ಉಳಿಯುವುದು ಮುಖಗಳಷ್ಟೇ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರೂರೇ ನೀರಿನಡಿಗೆ ಹೋದವು. 1948ರಲ್ಲಿ ಕಟ್ಟಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ ಮುಳುಗಿತು. ಮನೆ ಬಿಟ್ಟು ಹೊರಟವರ ಟ್ರಂಕಿನಲ್ಲಿ ಒಂದು ಗುಂಪುಫೋಟೋ ಇದ್ದರೆ ಅದರ ಹಿನ್ನೆಲೆಯ ಜಗಲಿ, ಕಂಬ, ತುಳಸಿಕಟ್ಟೆ ಆ ಮನೆಯ ಕೊನೆಯ ದಾಖಲೆಗಳು. ಫೋಟೋ ತೆಗೆಸಿದವರಿಗೆ ಬೇಕಿದ್ದದ್ದು ಮುಖ. ಪ್ರಿಂಟ್ ಹಾಕಿದವನೂ ಮುಖಕ್ಕೆ ತಕ್ಕ ಸೆಕೆಂಡು ಕೊಟ್ಟ, ಜಗಲಿಯ ಒಳಗು ಕಪ್ಪಾಗಿ ಹೋಯಿತು. ಇಂದು ಮೊಮ್ಮಕ್ಕಳಿಗೆ ಬೇಕಾದದ್ದು ಆ ಒಳಗು: ಬಾಗಿಲ ಚೌಕಟ್ಟು, ಗೋಡೆಯ ಹಸೆ, ಒರಗಿಸಿಟ್ಟ ಒನಕೆ.

ತೊಂಬತ್ತರ ದಶಕಕ್ಕೆ ಬಣ್ಣದ ಲ್ಯಾಬುಗಳು ಬಂದವು, ಆಮೇಲೆ ಡಿಜಿಟಲ್. ಊಟಿಯ ಕಾರ್ಖಾನೆ ಬಾಗಿಲು ಹಾಕಿತು. ಎನ್‌ಲಾರ್ಜರುಗಳು ಗುಜರಿಗೆ ಹೋದವು, ಕೋಣೆಗಳು ಜೆರಾಕ್ಸ್ ಅಂಗಡಿಗಳಾದವು. ಅಂಗಡಿ ಖಾಲಿ ಮಾಡುವಾಗ ಎಷ್ಟೋ ನೆಗೆಟಿವ್ ಪೆಟ್ಟಿಗೆಗಳನ್ನು ಒಲೆಗೆ ಹಾಕಿದ್ದುಂಟು. ಪ್ರಿಂಟ್ ಗೋಡೆಯ ಮೇಲಿದೆಯಲ್ಲ, ಇದನ್ನು ಯಾಕೆ ಇಟ್ಟುಕೊಳ್ಳುವುದು ಎಂಬ ಲೆಕ್ಕದಲ್ಲಿ. ಆ ಲೆಕ್ಕ ತಲೆಕೆಳಗಾದದ್ದು. ಗೋಡೆಯ ಮೇಲಿರುವುದು ಒಬ್ಬ ಮನುಷ್ಯ ಒಂದು ಸಂಜೆ, ಆ ದಿನದ ಕರೆಂಟಿನಲ್ಲಿ, ಕೈಗೆ ಸಿಕ್ಕ ಕಾಗದದ ಮೇಲೆ ಮಾಡಿದ ತೀರ್ಮಾನ. ಬೇರೆ ತೀರ್ಮಾನಗಳಿಗೆ ಜಾಗವಿರುವುದು ನೆಗೆಟಿವ್‌ನಲ್ಲಿ. ಕಪಾಟು ಒರೆಸುವಾಗ ಸಿಕ್ಕ ಲಕೋಟೆಯಲ್ಲಿ ಅಂಥದೊಂದು ಇದ್ದರೆ ಕಿಟಕಿಗೆ ಹಿಡಿದು ಮೊದಲು ತಿಳಿಯಾದ ಭಾಗವನ್ನು ನೋಡಿ. ಅಲ್ಲಿ ಮಸುಕಾಗಿಯಾದರೂ ಒಂದು ಗೆರೆ, ಒಂದು ಎಳೆ ಕಂಡರೆ ಆ ಕತ್ತಲು ಇನ್ನೂ ತೆರೆಯುತ್ತದೆ. ಎನ್‌ಲಾರ್ಜರ್ ಇರಲಿ, ಸ್ಕ್ಯಾನರ್ ಇರಲಿ, ನಿಯಮ ಬದಲಾಗಿಲ್ಲ: ಬಿಳುಪು ನೋಡಿ ಸಮಯ, ಕಪ್ಪು ನೋಡಿ ಗಡಸುತನ. ಈ ಸಲ ಜಗಲಿಯ ಒಳಗಿಗೆ ಒಂದೆರಡು ಸೆಕೆಂಡು ರಟ್ಟು ಅಡ್ಡ ಹಿಡಿಯಲು ಹೇಳಿ.